ಠಾಣೆಗೆ ಒಂದು ನಕ್ಷತ್ರ, ಅಕಾಡೆಮಿಗೆ ಐದು: ನಗರ ಪೊಲೀಸ್ ಸೇವೆಯ ಕುರಿತ ಜನಾಭಿಪ್ರಾಯವನ್ನು ಓದುವ ಬಗೆ

ನಮ್ಮ ನಗರದ ಪೊಲೀಸ್ ಸೇವೆ ಮತ್ತು ಅದರ ತರಬೇತಿ ಅಕಾಡೆಮಿಯ ಬಗ್ಗೆ ಜನ ಬರೆದಿರುವ ಅಭಿಪ್ರಾಯಗಳನ್ನು ಓದುತ್ತಾ ಹೋದರೆ, ಇವೆರಡೂ ಒಂದೇ ಇಲಾಖೆಗೆ ಸೇರಿದವು ಎಂದು ನಂಬುವುದೇ ಕಷ್ಟವಾಗುತ್ತದೆ. ಅಕಾಡೆಮಿಗೆ ಐದು ನಕ್ಷತ್ರ ಕೊಟ್ಟವರಲ್ಲಿ ಹೆಚ್ಚಿನವರು ಅಲ್ಲಿ ಕಲಿತವರು ಅಥವಾ ಮಕ್ಕಳ ನಿರ್ಗಮನ ಪಥಸಂಚಲನ ನೋಡಲು ಬಂದ ತಂದೆತಾಯಿಗಳು. ಅವರು ಮೆಚ್ಚಿರುವುದು ಮೈದಾನವನ್ನು, ಶಿಸ್ತನ್ನು, ಮರಗಳ ನೆರಳನ್ನು. ಠಾಣೆಗೆ ಒಂದು ನಕ್ಷತ್ರ ಕೊಟ್ಟವರಾದರೋ ಏನನ್ನೋ ಕಳೆದುಕೊಂಡು ಅಥವಾ ಯಾರಿಂದಲೋ ಪೆಟ್ಟು ತಿಂದು ಅಲ್ಲಿಗೆ ಹೋದವರು. ನಡುವಿನ ಮೂರು ನಕ್ಷತ್ರದವರು ಹುಡುಕಿದರೂ ಸಿಗುವುದಿಲ್ಲ.

ಇದರಿಂದ ಠಾಣೆಗಳು ಅಷ್ಟೊಂದು ಕೆಟ್ಟಿವೆ ಎಂದು ತೀರ್ಮಾನಿಸುವುದು ಆತುರವಾದೀತು. ಅಮೆರಿಕದ ಸಂಶೋಧಕ ವೆಸ್ಲಿ ಸ್ಕೋಗನ್ ಹಲವು ನಗರಗಳ ಸಮೀಕ್ಷೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೊಲೀಸರೊಂದಿಗಿನ ಒಂದು ಕಹಿ ಅನುಭವವು ಜನರ ಅಭಿಪ್ರಾಯದ ಮೇಲೆ ಬೀರುವ ಪರಿಣಾಮವು ಒಳ್ಳೆಯ ಅನುಭವದ ಪರಿಣಾಮಕ್ಕಿಂತ 4ರಿಂದ 14 ಪಟ್ಟು ಹೆಚ್ಚು. ಸೌಜನ್ಯದಿಂದ ನಡೆದುಕೊಂಡ ಹತ್ತು ಸಿಬ್ಬಂದಿಯ ಶ್ರಮವನ್ನು ಹನ್ನೊಂದನೆಯವನ ಒಂದು ಗದರಿಕೆ ಅಳಿಸಿಹಾಕಬಲ್ಲದು. ಇಲಾಖೆಯ ದೃಷ್ಟಿಯಿಂದ ಇದು ಅನ್ಯಾಯವೆನಿಸಬಹುದು, ಆದರೆ ಗದರಿಸಿಕೊಂಡವರಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ದೂರುಗಳ ಒಳಗಿರುವ ವಿಷಯ ಇನ್ನೂ ಕುತೂಹಲಕರವಾಗಿದೆ. ಕಳುವಾದ ವಸ್ತು ಸಿಗಲಿಲ್ಲ ಎಂದು ಬೇಸರಪಟ್ಟವರಿಗಿಂತ, ಹೇಳಿದ್ದನ್ನು ಯಾರೂ ಪೂರ್ತಿ ಕೇಳಲಿಲ್ಲ, ಸ್ವೀಕೃತಿ ಪತ್ರ ಕೊಡಲಿಲ್ಲ, ಆಮೇಲೆ ಒಂದು ಕರೆಯೂ ಬರಲಿಲ್ಲ ಎಂದು ನೊಂದುಕೊಂಡವರೇ ಹೆಚ್ಚು. ಶಿಕಾಗೊ ನಗರದ ನಿವಾಸಿಗಳನ್ನು ಸಂದರ್ಶಿಸಿ ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ ಕಂಡುಕೊಂಡದ್ದೂ ಬಹುಮಟ್ಟಿಗೆ ಇದನ್ನೇ: ತೀರ್ಮಾನ ತಮ್ಮ ಪರವಾಗಿ ಬಂತೇ ಎಂಬುದಕ್ಕಿಂತ, ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರೇ ಎಂಬುದಕ್ಕೆ ಜನ ಹೆಚ್ಚು ಬೆಲೆ ಕೊಡುತ್ತಾರೆ. ನನ್ನ ಅನುಭವವೂ ಇದಕ್ಕೆ ಹೊರತಲ್ಲ. ದಾಖಲೆಪತ್ರಗಳಿದ್ದ ಚೀಲವನ್ನು ಕಳೆದುಕೊಂಡು ಒಂದು ಠಾಣೆಗೆ ಹೋದಾಗ, ಮೇಜಿನ ಹಿಂದಿದ್ದವರು ತಲೆಯೆತ್ತದೆ, ಎಲ್ಲಿ ಬೀಳಿಸಿಕೊಂಡಿರಿ ಎಂದು ಮೂರು ಸಲ ಕೇಳಿದರು. ಗೊತ್ತಿದ್ದರೆ ನಾನು ಠಾಣೆಗೆ ಬರುತ್ತಿದ್ದೆನೇ? ಎರಡು ಗಂಟೆಯ ಬಳಿಕ ಪಾಳಿ ಬದಲಾಯಿತು. ಹೊಸದಾಗಿ ಬಂದ ಮಹಿಳಾ ಸಿಬ್ಬಂದಿ ಕುಳಿತುಕೊಳ್ಳಲು ಹೇಳಿ, ಹತ್ತೇ ನಿಮಿಷದಲ್ಲಿ ದೂರು ಬರೆದುಕೊಂಡು, ಪ್ರತಿಯನ್ನು ಕೈಗಿತ್ತರು. ಚೀಲ ಇಂದಿಗೂ ಸಿಕ್ಕಿಲ್ಲ, ಆದರೂ ನನಗೆ ಅವರ ಮೇಲೆ ಅಸಮಾಧಾನವಿಲ್ಲ.

ಹಾಗಾದರೆ ಮೇಜಿನ ಹಿಂದೆ ಕುಳಿತು ಕೇಳುವುದನ್ನು ಅಕಾಡೆಮಿ ಕಲಿಸುತ್ತದೆಯೇ? ಸಾರ್ವಜನಿಕರಿಗೆ ಪ್ರವೇಶವಿದ್ದ ದಿನ ನಾನು ಕಂಡದ್ದು ಕವಾಯತು, ಗುಂಡು ಹಾರಿಸುವ ಅಭ್ಯಾಸ ಮತ್ತು ಅಡೆತಡೆಗಳನ್ನು ದಾಟುವ ಓಟ. ದೂರುದಾರರೊಂದಿಗೆ ಮಾತನಾಡುವ ಪಾಠ ಪ್ರದರ್ಶನಕ್ಕೆ ಒಗ್ಗುವಂಥದ್ದಲ್ಲವೇನೋ. ಅಮೆರಿಕದ ಅಕಾಡೆಮಿಗಳಲ್ಲಿ 2018ರಲ್ಲಿ ಮೂಲ ತರಬೇತಿಯ ಸರಾಸರಿ ಅವಧಿ 833 ಗಂಟೆಗಳಾಗಿದ್ದು, ಅದರಲ್ಲಿ 70ಕ್ಕೂ ಹೆಚ್ಚು ಗಂಟೆಗಳು ಬಂದೂಕಿನ ಬಳಕೆಗೇ ಮೀಸಲಾಗಿದ್ದವು. ನಾರ್ವೆಯಲ್ಲಾದರೆ ಪೊಲೀಸ್ ಆಗಬಯಸುವವರು ಮೂರು ವರ್ಷದ ಪದವಿಯನ್ನೇ ಓದಬೇಕು, ಅದರಲ್ಲಿ ಒಂದು ವರ್ಷ ಠಾಣೆಗಳಲ್ಲಿಯೇ ಪ್ರಾಯೋಗಿಕ ಕಲಿಕೆ ನಡೆಯುತ್ತದೆ. ಠಾಣೆಯಲ್ಲಿನ ಈ ಕಲಿಕೆಯೇ ನಿರ್ಣಾಯಕ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತರಗತಿಯಲ್ಲಿ ಕಲಿತ ಸೌಜನ್ಯವನ್ನು ಮೊದಲ ಠಾಣೆಯ ಹಿರಿಯರು ಒಂದೇ ವಾರದಲ್ಲಿ ಮರೆಸಬಲ್ಲರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಪೊಲೀಸರು 1970ರ ದಶಕದ ಆರಂಭದಲ್ಲಿಯೇ ಹೊಸಬರ ಜೊತೆಗೆ ತರಬೇತಿ ಪಡೆದ ಹಿರಿಯರನ್ನು ನೇಮಿಸಿ, ದಿನದಿನದ ಕೆಲಸವನ್ನು ಲಿಖಿತವಾಗಿ ಮೌಲ್ಯಮಾಪನ ಮಾಡುವ ಪದ್ಧತಿಯನ್ನು ರೂಪಿಸಿದ್ದರು.

ಗಸ್ತು ಸಾಲದು ಎಂಬ ದೂರಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972–73ರಲ್ಲಿ ಕೆಲವು ಬಡಾವಣೆಗಳ ವಾಹನ ಗಸ್ತನ್ನು ಹೆಚ್ಚಿಸಿ, ಕೆಲವೆಡೆ ನಿಲ್ಲಿಸಿ ನೋಡಿದಾಗ, ನಿವಾಸಿಗಳಲ್ಲಿ ಬಹುಪಾಲು ಜನ ವ್ಯತ್ಯಾಸವನ್ನೇ ಗಮನಿಸಿರಲಿಲ್ಲ.

ಅಕಾಡೆಮಿಯ ಆವರಣಕ್ಕೆ ನಾನೂ ಐದು ನಕ್ಷತ್ರ ಕೊಡಬಲ್ಲೆ, ಅಲ್ಲಿನ ಪಾಠಕ್ಕೆ ಸದ್ಯ ಮೂರು. ಠಾಣೆಗೆ ಒಟ್ಟಾಗಿ ಅಂಕ ಕೊಡಲು ನನ್ನಿಂದ ಆಗದು; ಮತ್ತೊಮ್ಮೆ ಹೋಗಬೇಕಾಗಿ ಬಂದರೆ ಆ ಮಹಿಳಾ ಸಿಬ್ಬಂದಿಯ ಪಾಳಿ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಮೊದಲು ವಿಚಾರಿಸಿಕೊಳ್ಳುತ್ತೇನೆ.