ಇ-ಸಾಂಖ್ಯಿಕಿ ಪೋರ್ಟಲ್: ನಮ್ಮಂಥ ಏಜೆನ್ಸಿಯವರಿಗೆ ಉಪಯೋಗವಿದೆಯಾ?

ಹಾಸನ ಜಿಲ್ಲೆಯಲ್ಲಿ ಬಿಸ್ಕತ್, ಸೋಪು, ಟೀಪುಡಿ ಏಜೆನ್ಸಿ ನಡೆಸುತ್ತೇನೆ. ಕಂಪನಿಯವರು ಮೂರು ತಿಂಗಳಿಗೊಮ್ಮೆ ಟಾರ್ಗೆಟ್ ಕೊಡುತ್ತಾರೆ. ಅದಕ್ಕೆ ಹೂಂ ಅನ್ನುವ ಮುಂಚೆ ನಾನು ನೋಡುವುದು ಕೇಂದ್ರ ಅಂಕಿಅಂಶ ಸಚಿವಾಲಯದ ಇ-ಸಾಂಖ್ಯಿಕಿ ಪೋರ್ಟಲ್, ಅಂದರೆ ಸರ್ಕಾರದ ಅಂಕಿಅಂಶ ಸಿಗುವ ಜಾಲತಾಣ. 2024ರ ಜೂನ್‌ನಲ್ಲಿ ಶುರುವಾಯಿತು. ಪೂರ್ತಿ ಉಚಿತ.

ನನಗೆ ಜಾಸ್ತಿ ಕೆಲಸಕ್ಕೆ ಬರುವುದು ಅದರಲ್ಲಿರುವ ಬೆಲೆ ಸೂಚ್ಯಂಕ, ಅಂದರೆ ಬೆಲೆ ಎಷ್ಟು ಏರಿಳಿಯಿತು ಅನ್ನುವ ಲೆಕ್ಕ. ರಾಜ್ಯವಾರು ಸಿಗುತ್ತದೆ, ಹಳ್ಳಿ ಬೇರೆ, ಪೇಟೆ ಬೇರೆ. ಹಳ್ಳಿ ಕಡೆ ಬೆಲೆ ಏರಿದ ತಿಂಗಳು ನಮ್ಮ ಅಂಗಡಿಯವರು ದೊಡ್ಡ ಪ್ಯಾಕ್ ಬೇಡ, ಐದು ರೂಪಾಯಿದು ಹಾಕಿ ಅನ್ನುತ್ತಾರೆ.

ಜೊತೆಗೆ ಅದೇ ಸಚಿವಾಲಯದ 2023-24ರ ಮನೆ ಖರ್ಚಿನ ಸಮೀಕ್ಷೆಯನ್ನೂ ಓದಿ. ಕರ್ನಾಟಕದ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 4,903 ರೂಪಾಯಿ ಖರ್ಚು, ಪೇಟೆಯಲ್ಲಿ 8,076. ಛತ್ತೀಸಗಢದ ಹಳ್ಳಿಯಲ್ಲಿ 2,739 ಮಾತ್ರ. ಎಲ್ಲವನ್ನೂ ಸೇರಿಸಿ ‘ಗ್ರಾಮೀಣ ಮಾರುಕಟ್ಟೆ’ ಎಂದು ಒಂದೇ ಟಾರ್ಗೆಟ್ ಹಾಕಿದರೆ ಹೇಗೆ?

ಕೊರತೆ ಇರುವುದು ತ್ರೈಮಾಸಿಕ ಲೆಕ್ಕದಲ್ಲಿ. ಜನರ ಖರ್ಚು ಎಷ್ಟು ಬೆಳೆಯಿತು ಅನ್ನುವುದು ಜಿಡಿಪಿ ಜೊತೆ ಮೂರು ತಿಂಗಳಿಗೊಮ್ಮೆ ಬರುತ್ತದೆ, ಆದರೆ ಇಡೀ ದೇಶಕ್ಕೆ ಒಂದೇ ಸಂಖ್ಯೆ. ರಾಜ್ಯದ ಉತ್ಪನ್ನದ ಲೆಕ್ಕ ವರ್ಷಕ್ಕೆ ಒಂದು. ನನ್ನ ಎರಡು ಬೀಟ್‌ಗಳನ್ನೇ, ಅಂದರೆ ನಾನು ಸರಕು ಹಾಕುವ ಅಂಗಡಿ ಸಾಲುಗಳನ್ನೇ ನೋಡಿ. ಸಕಲೇಶಪುರದ ಕಡೆ ಜನವರಿಯಿಂದ ಮಾರ್ಚ್‌ವರೆಗೆ ಸ್ಟಾಕ್ ಸಾಲದು. ಕಾಫಿ ಕುಯ್ಲು ನಡೆಯುತ್ತಿರುತ್ತದೆ, ಕೂಲಿ ಬಟವಾಡೆಯ ದಿನ ಸಂಜೆ ತೋಟದ ಕಾರ್ಮಿಕರ ಲೈನ್‌ಮನೆಗಳ ಹತ್ತಿರದ ಅಂಗಡಿಯಲ್ಲಿ ಬಿಸ್ಕತ್ ಡಬ್ಬ ಖಾಲಿ. ಜುಲೈ ಮಳೆಯಲ್ಲಿ ಅದೇ ಅಂಗಡಿಗೆ ಒಂದು ಪೆಟ್ಟಿಗೆ ಇಳಿಸುವುದೂ ಕಷ್ಟ. ಅರಸೀಕೆರೆಯ ಕಥೆಯೇ ಬೇರೆ. ಅಲ್ಲಿ ಎಲ್ಲ ಕೊಬ್ಬರಿ ದರದ ಮೇಲೆ. ದರ ಬಿದ್ದರೆ ರೈತ ಅಟ್ಟದ ಮೇಲಿನ ಕಾಯಿ ಇಳಿಸುವುದಿಲ್ಲ, ಅಂಗಡಿಯಲ್ಲಿ ಉದ್ರಿ ಬೆಳೆಯುತ್ತದೆ, ನಮ್ಮ ಕಲೆಕ್ಷನ್ ನಿಲ್ಲುತ್ತದೆ. ಒಂದೇ ಜಿಲ್ಲೆ, ಒಂದೇ ತ್ರೈಮಾಸಿಕ. ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿಕೆ. ದೇಶದ ಸರಾಸರಿಯಲ್ಲಿ ಇದು ಕಾಣುವುದಾದರೂ ಹೇಗೆ?

ತಿಂಗಳ ಜಿಎಸ್‌ಟಿ ಸಂಗ್ರಹ ರಾಜ್ಯವಾರು ಬರುತ್ತದಲ್ವಾ, ಅದು ಸ್ವಲ್ಪ ದಾರಿ ತೋರಿಸುತ್ತದೆ. ಆದರೆ ಕರ್ನಾಟಕದ ಆ ಸಂಖ್ಯೆಯಲ್ಲಿ ಬೆಂಗಳೂರಿನ ಭಾರವೇ ದೊಡ್ಡದು. ಅದನ್ನು ನೋಡಿ ಅರಸೀಕೆರೆಗೆ ಇಂಡೆಂಟ್ (ಸರಕಿನ ಆರ್ಡರ್) ಹಾಕಬೇಡಿ.

2025ರ ಜನವರಿಯಿಂದ ಮನೆ ಖರ್ಚಿನಂಥ ಸಮೀಕ್ಷೆ ಮಾಡುವ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಇದು ನನಗೆ ನಿಜಕ್ಕೂ ಖುಷಿ ಕೊಟ್ಟ ಸುದ್ದಿ. ಜಿಲ್ಲೆಯ ಖರ್ಚಿನ ಲೆಕ್ಕ ಹೊರಬಂದರೆ ನಮ್ಮಂಥ ಸಣ್ಣ ವ್ಯಾಪಾರಿಗಳ ಕೈಗೂ ಕಂಪನಿಯ ಮುಂದೆ ಇಡಲು ಒಂದು ಕಾಗದ ಸಿಗುತ್ತದೆ.

ಈ ಪೋರ್ಟಲ್ಲಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಬೆಲೆ ತಿಳಿಯಲು, ರಾಜ್ಯ ರಾಜ್ಯ ಹೋಲಿಸಲು ಖಂಡಿತ ಬಳಸಿ. ಮುಂದಿನ ಮೂರು ತಿಂಗಳ ಸ್ಟಾಕ್ ಎಷ್ಟು ಅಂತ ತೀರ್ಮಾನಿಸಲು ಮಾತ್ರ ನಿಮ್ಮ ಬೀಟ್‌ನ ಹಳೇ ಬಿಲ್ ಪುಸ್ತಕ ತೆಗೆಯಿರಿ.