ಹೊಸ ಕ್ಯಾಮ್‌ಶಾಫ್ಟ್ ಎಂದು ನನ್ನ ಹಳೆಯ ಶಾಫ್ಟನ್ನೇ ನನಗೆ ಮಾರಿದರು: ಎಂಜಿನ್ ಕೆಲಸ ಮಾಡಿಸುವವರು ದಯವಿಟ್ಟು ಓದಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಹದಿನೈದು ವರ್ಷಗಳಿಂದ ಹಳೆಯ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡು, ಅದರ ಒಂದೊಂದು ಬೋಲ್ಟೂ ನನಗೆ ಗೊತ್ತೆಂದು ಗೆಳೆಯರ ಮುಂದೆ ಬೀಗುತ್ತಿದ್ದವನು ನಾನು. ಅಂಥವನಿಗೆ ಬೆಂಗಳೂರಿನ ಒಂದು ಟ್ಯೂನಿಂಗ್ ಗ್ಯಾರೇಜಿನವರು, ಹೊರದೇಶದಿಂದ ತರಿಸಿದ ಹೊಸ ಕ್ಯಾಮ್ ಎಂದು ಹೇಳಿ, ನನ್ನ ಕಾರಿನಿಂದಲೇ ಬಿಚ್ಚಿದ ಶಾಫ್ಟನ್ನು ಗ್ರೈಂಡ್ ಮಾಡಿಸಿ ತಿರುಗಿ ನನಗೇ ಮಾರಿದರು. ಅದಕ್ಕೆ ನಾನು ಕೊಟ್ಟ ಹಣ ₹92,000. ಕ್ಯಾಮ್‌ಶಾಫ್ಟ್ ಅಥವಾ ಕ್ಯಾಮ್ ಎಂದರೆ ಉಬ್ಬುಗಳಿರುವ ದಂಡ; ಅದು ತಿರುಗುವಾಗ ಆ ಉಬ್ಬುಗಳು, ಅಂದರೆ ಲೋಬ್‌ಗಳು, ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುತ್ತವೆ.

ಹೆಚ್ಚು ಲಿಫ್ಟ್ ಇರುವ, ಅಂದರೆ ವಾಲ್ವನ್ನು ಹೆಚ್ಚು ತೆರೆಯುವ ಹೊಸ ಕ್ಯಾಮ್, ಅದಕ್ಕೆ ತಕ್ಕ ಗಟ್ಟಿ ವಾಲ್ವ್ ಸ್ಪ್ರಿಂಗ್‌ಗಳು, ಆ ಸ್ಪ್ರಿಂಗ್‌ಗಳನ್ನು ಹಿಡಿದಿಡುವ ಹಗುರವಾದ ರಿಟೇನರ್‌ಗಳು, ಹೊಸ ಟೈಮಿಂಗ್ ಬೆಲ್ಟ್ ಮತ್ತು ಕೂಲಿ ಎಲ್ಲ ಸೇರಿ ಆ ಮೊತ್ತವೆಂದು ಮಾತಾಗಿತ್ತು. ಸಾಮಾನು ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಹೊಳೆಯುವ ಡಬ್ಬಿಗಳ ಫೋಟೋ ಕಳುಹಿಸಿದರು. ಡಬ್ಬಿಯನ್ನು ನೋಡಿದೆನೇ ಹೊರತು ಅದರೊಳಗೆ ಏನಿದೆ ತೋರಿಸಿ ಎಂದು ಕೇಳಲಿಲ್ಲ. ಬಿಲ್ ಕೇಳಿದ್ದಕ್ಕೆ, ಜಿಎಸ್‌ಟಿ ಸೇರಿಸಿದರೆ ಸುಮ್ಮನೆ ಜಾಸ್ತಿಯಾಗುತ್ತದೆ ಎಂದರು. ನಾನೂ ಆಸೆಗೆ ಬಿದ್ದು ‘ಎಂಜಿನ್ ವರ್ಕ್’ ಎಂದಷ್ಟೇ ಬರೆದ ಚೀಟಿಗೆ ಒಪ್ಪಿಕೊಂಡೆ. ಹಳೆಯ ಕ್ಯಾಮ್ ಎಲ್ಲಿ ಎಂದು ಕೇಳಿದಾಗ ಬಂದ ಉತ್ತರ ಇದು: “ಅದು ಗುಜರಿಗೆ ಹೋಯ್ತು ಸಾರ್, ಅದನ್ನ ಇಟ್ಕೊಂಡು ಏನ್ ಮಾಡ್ತೀರ?”

ಕಾರು ಕೈಗೆ ಬಂದ ಮೊದಲ ದಿನದಿಂದಲೇ ಟ್ಯಾಪೆಟ್ ಸದ್ದು ವಿಪರೀತವಾಗಿತ್ತು. ಫೋನ್ ಮಾಡಿದರೆ, “ಪರ್ಫಾರ್ಮೆನ್ಸ್ ಕ್ಯಾಮ್ ಅಂದ್ರೆ ಹಂಗೇ ಸಾರ್, ಅದೇ ಅದರ ಮಜಾ” ಎಂದರು. ಟ್ಯಾಪೆಟ್ ಅಂತರವೆಂದರೆ ವಾಲ್ವ್ ಮತ್ತು ಅದನ್ನು ತಳ್ಳುವ ರಾಕರ್ ನಡುವಿನ ಸಂದು; ಅದು ಹೆಚ್ಚಾದರೆ ಈ ಸದ್ದು ಬರುತ್ತದೆ. ಈ ಎಂಜಿನ್ನಿನಲ್ಲಿ ಅದು ಕೂದಲೆಳೆಯಷ್ಟು. ತಣ್ಣಗಿರುವಾಗ ಇನ್‌ಟೇಕ್ ಕಡೆ ಸುಮಾರು 0.2 ಮಿ.ಮೀ., ಎಕ್ಸಾಸ್ಟ್ ಕಡೆ 0.25 ಮಿ.ಮೀ. ಸಂದು ಅಳೆಯುವ ಫೀಲರ್ ಗೇಜ್ ಹಿಡಿದು ಇದನ್ನು ಸ್ವತಃ ಎಷ್ಟೋ ಸಲ ಹೊಂದಿಸಿದ್ದ ನಾನು, ಆ ಸದ್ದನ್ನು ಮಜಾ ಎಂದು ನಂಬಿದೆ. ಹೌದು, ನಂಬಿದೆ.

ಮೂರು ವಾರಗಳ ನಂತರ ಚೆನ್ನೈ ಬಳಿಯ ಇರುಂಗಾಟುಕೋಟೈ ರೇಸ್ ಟ್ರ್ಯಾಕ್‌ಗೆ ಹೋದೆ. ಎರಡನೆಯ ಸುತ್ತಿನಲ್ಲಿ ಎಂಜಿನ್ ವೇಗದ ಸೂಜಿ ನಿಮಿಷಕ್ಕೆ 7,000 ಸುತ್ತು ದಾಟುತ್ತಿದ್ದಂತೆಯೇ ಬಾನೆಟ್ ಕೆಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಗಿ ಎಂಜಿನ್ ಸೊರಗಿತು. ಆ ವೇಗದಲ್ಲಿ ಒಂದೊಂದು ವಾಲ್ವೂ ನಿಮಿಷಕ್ಕೆ 3,500 ಬಾರಿ ತೆರೆದು ಮುಚ್ಚುತ್ತದೆ. ಲೋಬ್‌ನ ಆಕಾರ ಕಡಿದಾಗಿದ್ದು ಸ್ಪ್ರಿಂಗ್ ಮಾತ್ರ ಹಳೆಯದೇ ಆಗಿದ್ದರೆ, ವಾಲ್ವ್ ಲೋಬ್‌ನ ಹಿಂದೆಯೇ ಇಳಿದು ಸಕಾಲಕ್ಕೆ ಮುಚ್ಚಿಕೊಳ್ಳಲಾರದೆ ತೇಲುತ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲಕ್ಕೆ ಬಂದು ಅದಕ್ಕೆ ಬಡಿಯುತ್ತದೆ. ಕಾರನ್ನು ಫ್ಲಾಟ್‌ಬೆಡ್ ಮೇಲೆ ಹಾಕಿಸಿಕೊಂಡು ಬೆಂಗಳೂರಿಗೆ ತಂದೆ. ಅದರ ಖರ್ಚು ಬೇರೆ.

ಈ ಸಲ ಹೆಡ್ (ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿದ್ದು ಪರಿಚಯದ ಇನ್ನೊಬ್ಬ ಮೇಸ್ತ್ರಿಯಿಂದ. ಮೂರು ವಾಲ್ವ್‌ಗಳು ಬಾಗಿದ್ದವು, ಎರಡು ಪಿಸ್ಟನ್‌ಗಳ ತಲೆಯ ಮೇಲೆ ಉಗುರೊತ್ತಿದಂತೆ ಅರ್ಧಚಂದ್ರದ ಗುರುತು ಬಿದ್ದಿತ್ತು. ಹೊಸದೆಂದು ಹೇಳಿದ್ದ ಸ್ಪ್ರಿಂಗ್‌ಗಳ ಸುರುಳಿಯ ಒಳಬದಿಯಲ್ಲಿ ವರ್ಷಗಟ್ಟಲೆಯ ಆಯಿಲ್ ಸುಟ್ಟು ಹಿಡಿದ ಕಂದು ಬಣ್ಣ ಹಾಗೆಯೇ ಇತ್ತು. ಟ್ಯಾಪೆಟ್ ಅಂತರ ಹೊಂದಿಸುವ ರಾಕರ್‌ಗಳ ಅಡ್ಜಸ್ಟರ್ ಸ್ಕ್ರೂಗಳು, ಲಾಕ್ ನಟ್ ಮೇಲೆ ಸ್ಕ್ರೂವಿನ ಎಳೆಯೇ ಕಾಣದಷ್ಟು ಕೆಳಗಿಳಿದಿದ್ದವು. ಮೇಸ್ತ್ರಿ ಏನನ್ನೂ ಹೇಳದೆ ಶಾಫ್ಟನ್ನು ಜೆ.ಸಿ. ರಸ್ತೆಯ ಪರಿಚಿತ ಲೇತ್ ಅಂಗಡಿಗೆ ಒಯ್ದು, ಕಂಪನಿಯದೇ ಆದ ಸ್ಟಾಕ್ ಶಾಫ್ಟ್ ಒಂದರ ಪಕ್ಕದಲ್ಲಿಟ್ಟು ಮೈಕ್ರೋಮೀಟರ್ ಹಿಡಿಸಿದರು. ಲೋಬ್‌ನ ದುಂಡು ಭಾಗದ ಅಳತೆ 1.4 ಮಿ.ಮೀ. ಕಡಿಮೆ ಬಂತು. ಅಂದರೆ ಎತ್ತರ ಕೂಡಿದ್ದಲ್ಲ, ಬುಡವನ್ನು ಸವೆಸಿ ಎತ್ತರ ಹೆಚ್ಚಾದಂತೆ ಮಾಡಿದ್ದರು. ಹಳೆಯ ಶಾಫ್ಟನ್ನು ಹೀಗೆ ಸವೆಸಿ ಹೊಸ ಆಕಾರ ಕೊಡುವ ರೀಗ್ರೈಂಡ್ ಎಂಬುದೇ ಮೋಸವಲ್ಲ. ಚೆನ್ನಾಗಿ ಮಾಡಿದರೆ, ಸ್ಪ್ರಿಂಗ್ ಬದಲಿಸಿದರೆ, ರೀಗ್ರೈಂಡ್ ಎಂದೇ ಹೇಳಿ ಅದರ ಬೆಲೆಗೇ ಕೊಟ್ಟರೆ ಅದು ಮರ್ಯಾದಸ್ಥರ ಕಸುಬು.

ಆಮೇಲೆ ಶಾಫ್ಟಿನ ತುದಿಯನ್ನು ಒರೆಸಿದೆ. 2016ರಲ್ಲಿ ಮೈಸೂರಿನಲ್ಲಿ ಹೆಡ್ ಕೆಲಸ ಮಾಡಿಸಿದಾಗ, ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು “ಸಾಮಾನು ಅದಲುಬದಲಾಗಬಾರದು, ಗುರುತಿರಲಿ” ಎಂದು ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ಸೀಳಿನ ಪಕ್ಕದಲ್ಲಿ ಪಂಚ್‌ನಿಂದ ಮೂರು ಚುಕ್ಕಿ ಹೊಡೆದಿದ್ದರು, ಒಲೆಯ ಮೂರು ಗುಂಡುಗಳ ಹಾಗೆ. ಆ ಮೂರು ಚುಕ್ಕಿಗಳು ಅಲ್ಲಿದ್ದವು. ನಾನು ಬೆರಳಾಡಿಸಿ ನೋಡಿದೆ, ಮತ್ತೆ ಒರೆಸಿ ನೋಡಿದೆ. ಲೇತ್ ಅಂಗಡಿಯವರು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಫೋಟೋ ಕಳುಹಿಸಿದಾಗ ಟ್ಯೂನಿಂಗ್ ಗ್ಯಾರೇಜಿನವರ ಮೊದಲ ಉತ್ತರ, “ನೀವು ಓವರ್ ರೆವ್ ಮಾಡಿದ್ದೀರ ಸಾರ್”, ಅಂದರೆ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದೀರ ಎಂಬುದು. ಚುಕ್ಕಿಗಳ ಬಗ್ಗೆ ಕೇಳಿದೆ. “ರೇಸಿಂಗ್ ಪಾರ್ಟ್‌ಗೆ ವಾರಂಟಿ ಇರಲ್ಲ” ಎಂದರು. ವಾರಂಟಿ ಕೇಳಿಲ್ಲ, ಇದು ನನ್ನದೇ ಶಾಫ್ಟ್ ಹೌದೋ ಅಲ್ಲವೋ ಹೇಳಿ ಎಂದು ಮತ್ತೆ ಬರೆದೆ. ಎರಡು ದಿನ ನೀಲಿ ಗುರುತು ಮಾತ್ರ. ಮೂರನೆಯ ದಿನ, “ಎಲ್ಲ ಕ್ಯಾಮ್ ಮೇಲೂ ಇಂಥ ಮಾರ್ಕ್ ಇರುತ್ತೆ” ಎಂದರು. ಎಲ್ಲ ಕ್ಯಾಮ್ ಮೇಲೂ ನನ್ನ ಮೈಸೂರಿನ ಮೇಸ್ತ್ರಿ ಪಂಚ್ ಹೊಡೆದಿದ್ದಾರಂತೆ!

ಕೆಲಸ ಕೊಡುವ ಮುಂಚೆ ನಿಮ್ಮ ಶಾಫ್ಟಿಗೆ ಗುರುತು ಹಾಕಿ, ಫೋಟೋ ತೆಗೆದಿಡಿ. ಬಿಚ್ಚಿದ ಸಾಮಾನು ಕೈಗೆ ಬರುವವರೆಗೆ ಬಾಕಿ ಹಣ ಕೊಡಬೇಡಿ. ಜೋಡಿಸುವ ದಿನ ಅಲ್ಲೇ ನಿಂತಿರಿ. ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರವನ್ನು ಮಕ್ಕಳಾಡುವ ಬಣ್ಣದ ಕ್ಲೇ ಇಟ್ಟು ಅಳೆದು ತೋರಿಸಿ ಎಂದು ಕೇಳಿ, ಅದಕ್ಕೆ ಮುಖ ಸಿಂಡರಿಸುವವರಾದರೆ ಕಾರು ವಾಪಸ್ ತನ್ನಿ. ತೆರಿಗೆ ಉಳಿಸುವ ಆಸೆಗೆ ಬಿಲ್ ಬಿಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಅವರು ಕೇಳಿದ್ದೂ ಬಿಲ್ಲನ್ನೇ, ನನ್ನ ಬಳಿ ಇಲ್ಲದ್ದೂ ಅದೇ.

ನಿನ್ನೆ ಗ್ಯಾರೇಜಿನಿಂದ ಮತ್ತೆ ಫೋನ್ ಬಂತು. “ಶಾಫ್ಟ್ ಕಳಿಸಿ ಸಾರ್, ಚೆಕ್ ಮಾಡಿ ಏನಾದರೂ ಅಡ್ಜಸ್ಟ್ ಮಾಡೋಣ” ಎಂದರು. ಗುಜರಿಗೆ ಹೋದ ಶಾಫ್ಟನ್ನು ಎಲ್ಲಿಂದ ಕಳುಹಿಸಲಿ ಎಂದು ಕೇಳಿ ಫೋನ್ ಇಟ್ಟೆ.