ಹಗಲು ನಾಲ್ಕು ಸ್ಟಾರ್, ರಾತ್ರಿ ಎರಡೇ: ಬನ್ನೇರುಘಟ್ಟ ರೋಡ್ ಕಡೆಯ ಒಂದು ನರ್ಸಿಂಗ್ ಹೋಮ್

ಹೆಸರು ಕೇಳ್ಬೇಡಿ, ಹಾಕಲ್ಲ. ಬನ್ನೇರುಘಟ್ಟ ರೋಡಿಂದ ಒಳಗೆ ಹೋದ್ರೆ ಸಿಗೋ ಮೂರಂತಸ್ತಿನ ಬಿಲ್ಡಿಂಗು, ವಯಸ್ಸಾದವ್ರನ್ನ ನೋಡ್ಕೊಳೋ ಜಾಗ, ಆಪರೇಷನ್ ಆದೋರಿಗೆ ರೀಹ್ಯಾಬೂ ಮಾಡ್ತಾರೆ. ಅಮ್ಮಂಗೆ ಸೊಂಟದ ಮೂಳೆ ಮುರಿದು ಆಪರೇಷನ್ ಮಾಡಿ ಕೃತಕ ಬಾಲ್ ಹಾಕಿದ್ರು, ಆಸ್ಪತ್ರೆಯವ್ರು ಬೇಗ ಡಿಸ್ಚಾರ್ಜ್ ಮಾಡಿ ಕೈ ತೊಳ್ಕೊಂಡ್ರು, ನಮ್ಮ ಮನೆ ನೋಡಿದ್ರೆ ಲಿಫ್ಟ್ ಇಲ್ದಿರೋ ಸೆಕೆಂಡ್ ಫ್ಲೋರು, ನಾವಿಬ್ರೂ ಕೆಲ್ಸಕ್ಕೆ ಹೋಗೋರು, ಅಣ್ಣ ಅಮೆರಿಕದಲ್ಲಿ ಕೂತ್ಕೊಂಡು ವಾಟ್ಸಾಪಲ್ಲಿ ಲಿಂಕ್ ಕಳಿಸ್ತಾನೆ ಅಷ್ಟೇ. ಹಂಗಾಗಿ ಅಲ್ಲಿಗೆ ಸೇರಿಸಿದ್ವಿ. ತಿಂಗಳಿಗೆ 45 ಸಾವಿರ, ಡಯಾಪರ್, ಔಷಧಿ, ಡಾಕ್ಟರ್ ವಿಸಿಟ್ ಎಲ್ಲ ಎಕ್ಸ್‌ಟ್ರಾ. ಎಲ್ಲ ಸೇರಿ ಎಷ್ಟಾಗತ್ತೆ ಅಂತ ಮೊದ್ಲೇ ಬರೆಸ್ಕೊಳ್ಳಿ, ಬಾಯ್ಮಾತಿಗೆ ಬೆಲೆ ಇಲ್ಲ.

ಫಸ್ಟು ಚೆನ್ನಾಗಿರೋದು ಹೇಳ್ತೀನಿ. ಊಟ ನಿಜವಾಗ್ಲೂ ಚೆನ್ನಾಗಿದೆ, ಹಾಸನದ ಕಡೆ ಭಟ್ರು, ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೆತ್ತಗೆ ಮಾಡಿದ ಅನ್ನ ಹುಳಿ, ಹಲ್ಲಿಲ್ದಿರೋರಿಗೆ ಪಲ್ಯ ಬೇರೆಯಾಗೇ ಮಸೆದು ಕೊಡ್ತಾರೆ. ಫಿಜಿಯೋ ಹುಡುಗಿಗಂತೂ ಕೈ ಮುಗೀಬೇಕು. ವಾಕರ್ ಎತ್ತರ ಅಮ್ಮನ ಕೈಗೆ ಸರಿಯಾಗಿ ಅಡ್ಜಸ್ಟ್ ಮಾಡಿ, ಚಕ್ಕಂಬಕ್ಕಳ ಹಾಕೋ ಹಂಗಿಲ್ಲ, ಕುಕ್ಕರಗಾಲಲ್ಲಿ ಕೂರೋ ಹಂಗಿಲ್ಲ, ತಗ್ಗು ಚೇರಲ್ಲಿ ಕೂರಬಾರ್ದು, ಮಲಗೋವಾಗ ಕಾಲಿನ ಮಧ್ಯೆ ದಿಂಬು ಅಂತ ಅಮ್ಮಂಗೆ ಬೈದು ಬೈದು ಕಲಿಸಿದ್ಲು. ಕಮೋಡ್ ಮೇಲೆ ಎತ್ತರದ ಸೀಟು ಹಾಕಿಸಿದ್ದೂ ಅವಳೇ. ಕೆಪಿಎಂಇ ಸರ್ಟಿಫಿಕೇಟು (ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡೋ ರಿಜಿಸ್ಟ್ರೇಷನ್) ರಿಸೆಪ್ಷನ್‌ನಲ್ಲೇ ನೇತಾಕಿದ್ದಾರೆ, ರೇಟ್ ಬೋರ್ಡೂ ಇದೆ. ಅದೇನು ದೊಡ್ಡದು ಅನ್ಬೇಡಿ, ಅದೇ ಏರಿಯಾದಲ್ಲಿ ಇನ್ನೊಂದು ಕಡೆ ನೋಡೋಕೆ ಹೋದಾಗ ಹೊರಗಡೆ ವೃದ್ಧಾಶ್ರಮ ಅಂತ ಬೋರ್ಡು, ಒಳಗೆ ಡ್ರಿಪ್ಪು, ಆಕ್ಸಿಜನ್ ಎಲ್ಲ ನಡೀತಿತ್ತು, ಸರ್ಟಿಫಿಕೇಟ್ ಕೇಳಿದ್ರೆ ಮ್ಯಾನೇಜರ್ ಇಲ್ಲ ನಾಳೆ ಬನ್ನಿ ಅಂದ್ರು. ಟ್ರೀಟ್‌ಮೆಂಟ್ ಕೊಡ್ತೀವಿ ಅಂದ್ಮೇಲೆ 2007ರ ಕೆಪಿಎಂಇ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಇರ್ಬೇಕು, ರೇಟೂ ಕಾಣೋ ಹಂಗೆ ಹಾಕಿರ್ಬೇಕು.

ಈಗ ರಾತ್ರಿ ಕತೆ. ವಿಸಿಟಿಂಗ್ ಟೈಮ್ ಸಂಜೆ 4ರಿಂದ 6, ಆ ಹೊತ್ತಿಗೆ ಎಲ್ಲ ಅಜ್ಜಿಯರಿಗೂ ತಲೆ ಬಾಚಿ ಪೌಡರ್ ಹಾಕಿ ಕೂರಿಸಿರ್ತಾರೆ. ನಾನು ಆಫೀಸ್ ಮುಗಿಸ್ಕೊಂಡು ಟ್ರಾಫಿಕ್ ದಾಟಿ ಹೋಗೋ ಹೊತ್ತಿಗೆ ರಾತ್ರಿ ಆಗೋದು, ಗೇಟಲ್ಲಿ ಬಿಡಲ್ಲ ಅಂದ್ರು, ಒಂದ್ ಸಲ ಜೋರು ಮಾಡಿದ್ಮೇಲೆ ಬಿಟ್ರು. ಆವತ್ತು ಅಮ್ಮನ ಮಂಚದ ಕಾಲ ಹತ್ರ ನೇತಾಕಿರೋ ಚಾರ್ಟ್ ತೆಗೆದು ನೋಡಿದೆ. ಮಲಗಿದಲ್ಲೇ ಇರೋರನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಸೈನ್ ಹಾಕೋ ಚಾರ್ಟು ಅದು. ಆಗ ಟೈಮ್ ಹತ್ತು ಗಂಟೆ. ಚಾರ್ಟಲ್ಲಿ 12, 2, 4, ಬೆಳಿಗ್ಗೆ 6 ಎಲ್ಲಾದಕ್ಕೂ ಸೈನ್ ಆಗ್ಬಿಟ್ಟಿದೆ! ಒಂದೇ ಪೆನ್ನು, ಒಂದೇ ಕೈ, ಒಂದರ ಕೆಳಗೊಂದು ಸಾಲಾಗಿ. ಅಮ್ಮನ ಹಿಮ್ಮಡಿ ನೋಡಿದ್ರೆ ಕೆಂಪಾಗಿತ್ತು, ಬೆರಳಲ್ಲಿ ಒತ್ತಿ ಬಿಟ್ರೆ ಬೆಳ್ಳಗಾಗ್ದೆ ಹಂಗೇ ಕೆಂಪಾಗೇ ಇತ್ತು. ಹಂಗಿದ್ರೆ ಬೆಡ್‌ಸೋರ್ ಶುರುವಾಗಿದೆ ಅಂತ್ಲೇ ಲೆಕ್ಕ, ಇದನ್ನ ಎಲ್ರೂ ತಿಳ್ಕೊಂಡಿರಿ, ಯಾರನ್ನ ನೋಡೋಕೆ ಹೋದ್ರೂ ಮೊದ್ಲು ಹೊದಿಕೆ ಸರಿಸಿ ಹಿಮ್ಮಡಿ, ಬೆನ್ನಿನ ಕೆಳಗಡೆ, ಸೊಂಟದ ಪಕ್ಕ ನೋಡಿ. ಏರ್‌ಬೆಡ್ ಬೇರೆ ಬಾಡಿಗೆ ಕಟ್ಟಿ ಹಾಕ್ಸಿದ್ವಿ, ಮುಟ್ಟಿದ್ರೆ ಚಪ್ಪಟೆ. ಯಾಕಂದ್ರೆ ಅದರ ಪಂಪ್ ಪ್ಲಗ್ ಕಿತ್ತು ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ರು. ಫೋಟೋ ತೆಕ್ಕೊಂಡೆ.

ಆ ನೈಟ್ ಡ್ಯೂಟಿ ಹುಡುಗಿ ಮೇಲೆ ಕೋಪ ಬಂತು, ಆದ್ರೆ ಆಮೇಲೆ ವಿಚಾರಿಸಿದ್ರೆ ಇಡೀ ಫ್ಲೋರಲ್ಲಿ 14 ಜನಕ್ಕೆ ಇಬ್ರೇ ಆಯಾಗಳು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿರೋ ಸಿಸ್ಟರ್ ಮೂರು ಫ್ಲೋರಿಗೂ ಸೇರಿ ಒಬ್ರೇ. ಒಬ್ರನ್ನ ಸರಿಯಾಗಿ ಮಗ್ಗುಲು ಹಾಕೋಕೆ ಇಬ್ರು ಬೇಕು, ಅವ್ರು ಹಂಗೆ ಸುತ್ತು ಹೊಡೀತಿದ್ರೆ ಬೆಲ್ ಹೊಡೆದೋರ ಹತ್ರ ಯಾರು ಹೋಗ್ತಾರೆ? ಅಮ್ಮಂಗೆ ಕನ್ನಡ ಬಿಟ್ರೆ ಬೇರೆ ಬರಲ್ಲ, ಆ ಹುಡುಗಿಗೆ ಹಿಂದಿ, ಒಡಿಯಾ ಬಿಟ್ರೆ ಬರಲ್ಲ. ಬಾತ್‌ರೂಮಿಗೆ ಕರ್ಕೊಂಡು ಹೋಗು ಅಂತ ಕೇಳಿ ಕೇಳಿ ಸಾಕಾಗಿ ಅಮ್ಮ ಒಂದಿನ ತಾನೇ ಎದ್ದು ಹೊರಟಿದ್ರಂತೆ, ಪಕ್ಕದ ಬೆಡ್ಡಿನ ಟೀಚರಮ್ಮ ಕೂಗ್ಕೊಂಡಿದ್ದಕ್ಕೆ ಬಚಾವ್. ಬಾತ್‌ರೂಮ್ ಟೈಲ್ಸ್ ನೋಡಿದ್ರೆ ಮುಖ ಕಾಣತ್ತೆ, ಮ್ಯಾಟ್ ಹಾಕಿರೋದು ವಾಷ್‌ಬೇಸಿನ್ ಮುಂದೆ ಮಾತ್ರ.

ಇನ್ನೊಂದು, ಶುಗರ್. ಇನ್ಸುಲಿನ್ ಏಳೂವರೆಗೆ ಕೊಟ್ಬಿಡ್ತಾರೆ, ಊಟದ ಗಾಡಿ ನಮ್ಮ ಫ್ಲೋರಿಗೆ ಬರೋದು ಎಂಟೂಮುಕ್ಕಾಲಿಗೆ. ಒಂದಿನ ಅಮ್ಮ ಬೆವೆತು ಏನೇನೋ ಮಾತಾಡೋಕೆ ಶುರು ಮಾಡಿದ್ರು, ಚೆಕ್ ಮಾಡಿದ್ರೆ ಶುಗರ್ 58ಕ್ಕೆ ಇಳಿದಿತ್ತು. ಆವಾಗ ಡ್ಯೂಟಿಲಿದ್ದ ಸಿಸ್ಟರ್ ಮಾತ್ರ ಗಾಬರಿ ಆಗ್ದೆ ಸಕ್ಕರೆ ನೀರು ಕುಡಿಸಿ ಹದಿನೈದು ನಿಮಿಷಕ್ಕೆ ಮತ್ತೆ ಚೆಕ್ ಮಾಡಿ ಆಮೇಲೆ ಊಟ ಮಾಡಿಸಿದ್ರು, ಅದನ್ನ ಒಪ್ಕೋಬೇಕು. ಆದ್ರೆ ಇಂಜೆಕ್ಷನ್‌ಗೂ ತಟ್ಟೆಗೂ ಅಷ್ಟು ಅಂತರ ಯಾಕೆ ಅಂದ್ರೆ ಉತ್ತರ ಇಲ್ಲ. ಎದುರಿನ ಬೆಡ್ಡಲ್ಲಿ ಮೂಗಿಗೆ ಟ್ಯೂಬ್ ಹಾಕಿರೋ ಅಜ್ಜಿಗೆ ಪೂರ್ತಿ ಮಲಗಿಸೇ ಫೀಡ್ ಹಾಕ್ತಿದ್ರು, ತಲೆಕಡೆ ಎತ್ತರ್ಸಿ ಸಿಸ್ಟರ್, ಶ್ವಾಸಕೋಶಕ್ಕೆ ಹೋಗತ್ತೆ ಅಂತ ನಾನೇ ಹೇಳ್ಬೇಕಾಯ್ತು. ಹೇಳಿದ್ರೆ ಬೇಜಾರು ಮಾಡ್ಕೊಳ್ದೆ ಎತ್ತರಿಸ್ತಾರೆ, ಹೇಳ್ಲಿಲ್ಲ ಅಂದ್ರೆ ಇಲ್ಲ.

ಫೋಟೋ ತೋರಿಸಿದ ಮಾರನೇ ದಿನ ಇನ್‌ಚಾರ್ಜ್ ಮೇಡಂ ನಿಜವಾಗ್ಲೂ ಎದ್ದು ಓಡಾಡಿದ್ರು. ಏರ್‌ಬೆಡ್ ಪ್ಲಗ್ಗಿಗೆ ಟೇಪ್ ಸುತ್ತಿ ಕೆಂಪು ಅಕ್ಷರದಲ್ಲಿ ಬರೆದ್ರು, ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗ್ದಂಗೆ ಮಾಡಿದ್ರು, ನೈಟಿಗೆ ಕನ್ನಡ ಬರೋ ಆಯಾ ಒಬ್ರನ್ನ ಹಾಕಿದ್ರು, ಊಟದ ಗಾಡಿ ನಮ್ಮ ಫ್ಲೋರಿಗೆ ಫಸ್ಟ್ ಬರೋಕೆ ಶುರುವಾಯ್ತು (ಪಾಪ ಮೂರನೇ ಫ್ಲೋರಿನವ್ರ ಗತಿ ಏನೋ). ಅಮ್ಮನ ಕಾಲು ವಾಸಿ ಆಯ್ತು, ಗಾಯ ಆಗ್ಲಿಲ್ಲ.

ಆಗ್ದೇ ಇದ್ದಿದ್ದು ಗೇಟ್ ವಿಷಯ. ಮರೆವಿನ ಕಾಯಿಲೆ ಇರೋ ಒಬ್ರು ಅಂಕಲ್ ಒಂದ್ ಸಲ ರಾತ್ರಿ ಇಳಿದು ರೋಡಿಗೆ ಹೋಗ್ಬಿಟ್ಟಿದ್ರಂತೆ, ಅದಕ್ಕೆ ಮೆಟ್ಟಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ರಾತ್ರಿ ಬೀಗ, ಕೀ ಇರೋದು ಕೆಳಗಡೆ ಸೆಕ್ಯುರಿಟಿ ಜೇಬಲ್ಲಿ. ಅವ್ರ ಭಯ ಅರ್ಥ ಆಗತ್ತೆ. ಆದ್ರೆ ಲಿಫ್ಟಲ್ಲಿ ಸ್ಟ್ರೆಚರ್ ಹಿಡ್ಸಲ್ಲ, ಬೆಂಕಿ ಬಿದ್ರೆ ಲಿಫ್ಟ್ ಹತ್ತೋ ಹಂಗೂ ಇಲ್ಲ, ಮೇಲೆ ಎದ್ದು ನಡೆಯೋಕಾಗ್ದಿರೋರೇ ಜಾಸ್ತಿ. 2011ರ ಡಿಸೆಂಬರಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಬೇಸ್‌ಮೆಂಟಲ್ಲಿ ಹತ್ತಿದ ಬೆಂಕಿಗೆ ಹತ್ತತ್ರ ತೊಂಬತ್ತು ಜನ ಹೋದ್ರಲ್ಲ, ಹೆಚ್ಚಿನೋರು ಮೇಲಿನ ವಾರ್ಡುಗಳಲ್ಲಿ ಹೊಗೆ ತುಂಬ್ಕೊಂಡೇ ಸತ್ತಿದ್ದು. ಇಲ್ಲಿ ಬೇಸ್‌ಮೆಂಟಲ್ಲಿ ಹಳೇ ಹಾಸಿಗೆ, ಮುರಿದ ಮಂಚ, ಜನರೇಟರ್ ಡೀಸೆಲ್ ಕ್ಯಾನು ಎಲ್ಲ ಒಟ್ಟಿಗೇ ಪೇರ್ಸಿದ್ದಾರೆ, ನಮ್ಮ ಫ್ಲೋರಿನ ಎಕ್ಸ್‌ಟಿಂಗ್ವಿಶರ್ ಮೇಲೆ ರೀಫಿಲ್ ಡೇಟ್ ಮುಗಿದು ವರ್ಷ ಆಗಿದೆ. ಡೋರ್ ಅಲಾರ್ಮ್ ಹಾಕ್ಸಿ, ಫ್ಲೋರಲ್ಲೇ ಒಂದು ಕೀ ಇಡಿ ಅಂತ ಬರೆದು ಕೊಟ್ಟೆ, ನೋಡ್ತೀವಿ ಸಾರ್ ಅಂದ್ರು, ನಾವು ಬರೋವರೆಗೂ ನೋಡ್ತಾನೇ ಇದ್ರು.

ಯಾರಾದ್ರೂ ಇಂಥ ಕಡೆ ಸೇರಿಸೋರಿದ್ರೆ ರಾತ್ರಿ ಒಂಬತ್ತರ ಮೇಲೆ ಒಂದ್ಸಲ ಹೋಗಿ ನೋಡಿ, ಬಿಡಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಒಳಗೆ ಬಿಟ್ರೆ ಯಾವುದಾದ್ರೂ ಖಾಲಿ ಬೆಡ್ಡಿನ ಬೆಲ್ ಒತ್ತಿ ಎಷ್ಟೊತ್ತಿಗೆ ಬರ್ತಾರೆ ನೋಡಿ. ಯಾರನ್ನಾದ್ರೂ ಕಟ್ಟಿಹಾಕಿದಾರೆ, ಹೊಡೀತಿದಾರೆ ಅನ್ನೋ ಮಟ್ಟಕ್ಕೆ ಹೋದ್ರೆ 14567 ಎಲ್ಡರ್‌ಲೈನ್ ಅಂತ ಹಿರಿಯರ ಸಹಾಯವಾಣಿ ಇದೆ, ಕಾಲ್ ಫ್ರೀ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆಗೀತಾರೆ.

ನಂದು ರೇಟಿಂಗ್: ಫಿಜಿಯೋಗೆ 5, ಊಟಕ್ಕೆ 4, ಹಗಲು ನರ್ಸಿಂಗ್‌ಗೆ 4, ರಾತ್ರಿಗೆ 2, ಬೆಂಕಿ ವಿಷಯಕ್ಕೆ ಸೊನ್ನೆ. ಅಮ್ಮ ಈಗ ಮನೇಲಿ ವಾಕರ್ ಹಿಡ್ಕೊಂಡು ಅಡುಗೆಮನೆವರೆಗೂ ಹೋಗಿ ನನ್ನ ಹುಳಿಗೆ ಹೆಸರಿಡ್ತಾರೆ. ಡೆಪಾಸಿಟ್ ವಾಪಸ್ ಬಂತು, ಏರ್‌ಬೆಡ್ ಡ್ಯಾಮೇಜ್ ಅಂತ ಎರಡು ಸಾವಿರ ಹಿಡ್ಕೊಂಡಿದ್ರು, ಪ್ಲಗ್ ಫೋಟೋ ಕಳಿಸಿದೆ, ಅದನ್ನೂ ಹಾಕಿದ್ರು.